ಬೇಡ ಅಂದ ಚಿತ್ರವೇ ಪಾಠ ಆಗಿದ್ದು ಹೇಗೆ? (ಅಜೈಲ್ ಕಥೆ, ಭಾಗ 2)

ಮೊದಲನೇ ಫೋಟೋ ನೋಡಿ. ಏಳು ಬಾಕ್ಸು, ಮೆಟ್ಟಿಲಿನ ಥರ ಕೆಳಗಿಳಿಯೋ ಬಾಣಗಳು. ಸಾಫ್ಟ್‌ವೇರ್ ಎಂಜಿನಿಯರಿಂಗ್ ಪರೀಕ್ಷೆ ಬರೆದಿರೋ ಎಲ್ಲರೂ ಇದನ್ನ ಸ್ಕೇಲ್ ಇಟ್ಟು ಎಳೆದಿರ್ತೀರಿ, ಒಂದೆರಡು ಬಾಕ್ಸು ಕಮ್ಮಿ ಇರಬಹುದು ಅಷ್ಟೇ. ವಾಟರ್‌ಫಾಲ್ ಮಾಡೆಲ್. ಏನು ಬೇಕು ಅಂತ ಮೊದಲು ಪೂರ್ತಿ ಬರೆದುಕೊಳ್ಳೋದು, ಆಮೇಲೆ ಡಿಸೈನ್, ಆಮೇಲೆ ಕೋಡ್, ಕೊನೆಗೆ ಟೆಸ್ಟಿಂಗ್. ನಾನೂ ಬರೆದೆ, ಮಾರ್ಕ್ಸೂ ಬಂತು. ಆದರೆ ಈ ಚಿತ್ರ ಬರೆದ ಮನುಷ್ಯ ಅದರ ಕೆಳಗೆ ಏನು ಹೇಳಿದ್ದರು ಅನ್ನೋದು ನಮ್ಮ ನೋಟ್ಸಲ್ಲಿ ಇರಲೇ ಇಲ್ಲ.

ಅವರ ಹೆಸರು ವಿನ್‌ಸ್ಟನ್ ರಾಯ್ಸ್. ಬಾಹ್ಯಾಕಾಶ ನೌಕೆಗಳಿಗೆ ಬೇಕಾದ ಸಾಫ್ಟ್‌ವೇರ್ ಮೇಲೆ ಒಂಬತ್ತು ವರ್ಷ ಕೆಲಸ ಮಾಡಿದ್ದವರು. 1970ರಲ್ಲಿ ಆ ಅನುಭವವನ್ನೆಲ್ಲ ಸೇರಿಸಿ ಅಮೆರಿಕದ ಒಂದು ಸಮ್ಮೇಳನಕ್ಕೆ ಚಿಕ್ಕದೊಂದು ಪ್ರಬಂಧ ಬರೆದರು. ಅದರಲ್ಲಿ 'ವಾಟರ್‌ಫಾಲ್' ಅನ್ನೋ ಪದ ಎಲ್ಲೂ ಇಲ್ಲ. ಚಿತ್ರ ಮಾತ್ರ ಇದೆ, ಅದರ ಹಿಂದೆಯೇ ಎಚ್ಚರಿಕೆಯೂ ಇದೆ: ಹೀಗೆ ಒಂದೇ ಸಾಲಿನಲ್ಲಿ ಮಾಡ್ತಾ ಹೋದರೆ ಅಪಾಯ, ಕೆಲಸ ಕೆಡೋದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಯಾಕೆ? ಕಾಗದದ ಮೇಲೆ ಲೆಕ್ಕ ಹಾಕಿದ್ದು ನಿಜವಾಗಿ ಓಡುತ್ತಾ ಅಂತ ಗೊತ್ತಾಗೋದೇ ಟೆಸ್ಟಿಂಗ್ ಹಂತದಲ್ಲಿ. ಅದು ಬರೋದು ಕೊನೆಗೆ. ಅಲ್ಲಿ ತಪ್ಪು ಸಿಕ್ಕರೆ ಡಿಸೈನ್‌ಗೆ, ಕೆಲವು ಸಲ ಮೊದಲನೇ ಬಾಕ್ಸಿಗೇ ವಾಪಸ್ ಹೋಗಬೇಕು. ಅದಕ್ಕೇ ರಾಯ್ಸ್ ಹೇಳಿದ್ದು, ಎರಡು ಸಲ ಕಟ್ಟಿ ಅಂತ. 30 ತಿಂಗಳ ಕೆಲಸ ಆದರೆ ಮೊದಲು 10 ತಿಂಗಳಲ್ಲಿ ಒಂದು ಸಣ್ಣ ಮಾದರಿ ಮಾಡಿ ನೋಡಿ, ಗ್ರಾಹಕರನ್ನ ಮೊದಲಿಂದಲೇ ಜೊತೆಗೆ ಕೂರಿಸಿಕೊಳ್ಳಿ.

ಹಾಗಂತ ಅವರನ್ನ ಅಜೈಲ್‌ನ ಅಜ್ಜ ಮಾಡೋದು ಬೇಡ. 50 ಲಕ್ಷ ಡಾಲರಿನ ಸಾಫ್ಟ್‌ವೇರ್‌ಗೆ 1500 ಪುಟದ ವಿವರಣೆ ಬೇಕು ಅಂದವರೂ ಅವರೇ! ದಾಖಲೆ ಅಂದ್ರೆ ಪ್ರಾಣ.

ಚಿತ್ರ ನೆನಪಿಡೋದು ಸುಲಭ. ಅದರ ಹಿಂದಿನ ಎಚ್ಚರಿಕೆ ಓದೋದಕ್ಕೆ ಯಾರಿಗೆ ಪುರುಸೊತ್ತು? 1976ರ ಹೊತ್ತಿಗೆ ಬೇರೆಯವರು ಬರೆದ ಪ್ರಬಂಧವೊಂದರಲ್ಲಿ 'ವಾಟರ್‌ಫಾಲ್' ಅನ್ನೋ ಹೆಸರು ಅಂಟಿಕೊಂಡಿತು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಗುತ್ತಿಗೆದಾರರಿಗೆ ಹೊರಡಿಸಿದ ನಿಯಮಾವಳಿಯೂ ಹೆಚ್ಚುಕಮ್ಮಿ ಇದೇ ದಾರಿ ಹಿಡಿಯಿತು. ಅಲ್ಲಿಂದ ಪಠ್ಯಪುಸ್ತಕ, ಪುಸ್ತಕದಿಂದ ನಮ್ಮ ಆನ್ಸರ್ ಶೀಟು.

ಸ್ವಲ್ಪ ಸ್ವಲ್ಪ ಕಟ್ಟಿ ನೋಡೋದು ಆಗ ಗೊತ್ತಿರಲಿಲ್ಲವಾ? ಗೊತ್ತಿತ್ತು. ಮನುಷ್ಯನನ್ನ ಬಾಹ್ಯಾಕಾಶಕ್ಕೆ ಕಳಿಸಿದ ನಾಸಾದ ಮರ್ಕ್ಯುರಿ ಯೋಜನೆಯಲ್ಲೇ ಪ್ರೋಗ್ರಾಮರ್‌ಗಳು ಅರ್ಧರ್ಧ ದಿನದ ಸುತ್ತುಗಳಲ್ಲಿ ಕೆಲಸ ಮಾಡ್ತಿದ್ದರು. ಜಪಾನಿನ ಟಕೆಯುಚಿ ಮತ್ತು ನೊನಾಕಾ 1986ರಲ್ಲಿ ಹೋಂಡಾ, ಕ್ಯಾನನ್‌ನಂಥ ಕಂಪನಿಗಳನ್ನ ನೋಡಿ, ರಿಲೇ ಓಟದ ಹಾಗೆ ಕೋಲು ದಾಟಿಸೋದು ಬಿಟ್ಟು ರಗ್ಬಿ ತಂಡದ ಹಾಗೆ ಎಲ್ಲರೂ ಒಟ್ಟಿಗೆ ಮುನ್ನುಗ್ಗಬೇಕು ಅಂತ ಬರೆದರು. 'ಸ್ಕ್ರಮ್' ಅನ್ನೋ ಹೆಸರಿನ ಮೂಲ ಆ ರಗ್ಬಿ ಆಟ. ಜೆಫ್ ಸದರ್‌ಲ್ಯಾಂಡ್ 1993ರಲ್ಲಿ ಅದನ್ನ ಸಾಫ್ಟ್‌ವೇರ್ ತಂಡಕ್ಕೆ ತಂದರು. ಕ್ರೈಸ್ಲರ್ ಕಾರ್ ಕಂಪನಿಯ ಸಂಬಳದ ಸಾಫ್ಟ್‌ವೇರ್ ಮಾಡ್ತಾ ಕೆಂಟ್ ಬೆಕ್ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ರೂಪಿಸಿದರು.

ಎರಡನೇ ಫೋಟೋದ ಹಿಮದ ಬೆಟ್ಟ ಯೂಟಾ ರಾಜ್ಯದ ಸ್ನೋಬರ್ಡ್. ಫೆಬ್ರವರಿ 2001ರಲ್ಲಿ ಇಂಥ ಬೇರೆಬೇರೆ ದಾರಿಯ 17 ಜನ ಅಲ್ಲಿ ಸೇರಿದರು. (ಹದಿನೇಳೂ ಗಂಡಸರೇ. ಇದನ್ನ ಹೇಳದೆ ಮುಂದಕ್ಕೆ ಹೋಗೋದಕ್ಕೆ ನನಗೆ ಮನಸ್ಸಿಲ್ಲ.) ಅಲ್ಲಿವರೆಗೆ ಇವರ ವಿಧಾನಗಳಿಗೆಲ್ಲ 'ಲೈಟ್‌ವೇಟ್' ಅಂತ ಕರೀತಿದ್ದರು. ನಮ್ಮನ್ನ ಹಗುರ ಜನ ಅಂದ್ಕೊಂಡುಬಿಡ್ತಾರೆ ಅಂತ ಕೆಲವರಿಗೆ ಕಸಿವಿಸಿ. ಕೊನೆಗೆ 'ಅಜೈಲ್' ಅನ್ನೋದಕ್ಕೆ ಒಪ್ಪಿದರು. ಬ್ರಿಟನ್ನಿನ ಮಾರ್ಟಿನ್ ಫೌಲರ್ ಅವರದ್ದು ಒಂದೇ ತಕರಾರು: ಅಮೆರಿಕದವರಿಗೆ ಈ ಪದ ಉಚ್ಚರಿಸೋದಕ್ಕೇ ಬರಲ್ಲ!

ಅವರು ಬರೆದ ಪ್ರಣಾಳಿಕೆಯಲ್ಲಿ ನಾಲ್ಕು ಮೌಲ್ಯ, 12 ತತ್ವ. ಸ್ಪ್ರಿಂಟ್, ಸ್ಕ್ರಮ್ ಮಾಸ್ಟರ್, ಬೆಳಗಿನ 15 ನಿಮಿಷದ ಮೀಟಿಂಗ್, ಇದ್ಯಾವುದೂ ಅದರಲ್ಲಿಲ್ಲ. ಅವು ಸ್ಕ್ರಮ್‌ನ ಸಲಕರಣೆಗಳು. ಇಂಟರ್ನ್‌ಶಿಪ್‌ನಲ್ಲಿ ದಿನಾ ನಿಂತು ಮಾತಾಡಿದ್ದಕ್ಕೇ 'ನಮ್ಮದು ಅಜೈಲ್' ಅನ್ನೋ ಸೀನಿಯರ್‌ಗಳಿದ್ದಾರಲ್ಲ, ಅವರೂ ಬರೀ ಚಿತ್ರ ನೋಡಿದವರೇ. ಸ್ಪ್ರಿಂಟ್ ಒಂದು ತಿಂಗಳು ದಾಟಬಾರದು ಅನ್ನೋದು ಯಾಕೆ ಗೊತ್ತಾ? ರಾಯ್ಸ್ ಹೆದರಿದ್ದ ಆ ಕೊನೆ ಬಾಕ್ಸು ಬೇಗ ಬರಲಿ, ಪದೇ ಪದೇ ಬರಲಿ ಅಂತ.

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಹೋದ ಸೆಮ್‌ನಲ್ಲಿ ನಾವು ನಾಲ್ಕು ಜನ ಲೈಬ್ರರಿ ಆ್ಯಪ್ ಮಾಡಿದ್ವಿ. ಒಬ್ಬೊಬ್ಬರಿಗೆ ಒಂದೊಂದು ಮಾಡ್ಯೂಲ್, ಜೋಡಿಸಿದ್ದು ರಿವ್ಯೂ ಹಿಂದಿನ ರಾತ್ರಿ. ನಾನು ದಿನಾಂಕದಲ್ಲಿ ತಿಂಗಳನ್ನ ಮೊದಲು ಬರೆದಿದ್ದೆ, ಫೈನ್ ಲೆಕ್ಕ ಹಾಕೋ ಗೆಳತಿ ದಿನವನ್ನ ಮೊದಲು ಓದುತ್ತಿದ್ದಳು. ಬೆಳಿಗ್ಗೆ ಡೆಮೋದಲ್ಲಿ ಅದೇ ವಾರ ಪುಸ್ತಕ ತಗೊಂಡವರಿಗೂ ತಿಂಗಳುಗಟ್ಟಲೆ ಫೈನ್! ನಗು ನಿಲ್ಲೋ ಹೊತ್ತಿಗೆ ನಮ್ಮ ಟೈಮೂ ಮುಗಿದಿತ್ತು. ತಪ್ಪು ನನ್ನದು, ಬೈಗುಳ ತಿಂದಿದ್ದು ಅವಳು.

ಈ ಸೆಮ್ ಅದೇ ತಂಡ, ಅದೇ ಆ್ಯಪ್. ಎರಡು ವಾರಕ್ಕೆ ಒಂದು ತುಣುಕು ಮಾತ್ರ ಕಟ್ಟಿ, ಲೈಬ್ರರಿಯಲ್ಲಿ ಕೂರೋ ಮೇಡಮ್‌ಗೇ ಕೈಗೆ ಕೊಟ್ವಿ. ಐದು ನಿಮಿಷ ನೋಡಿ ಅವರು ಅಂದಿದ್ದು: 'ಫೈನ್ ನಾನೇ ಲೆಕ್ಕ ಹಾಕ್ಕೋತೀನಮ್ಮ, ರಿನ್ಯೂ ಮಾಡೋದಕ್ಕೆ ಕ್ಯೂ ನಿಲ್ತಾರಲ್ಲ, ಅದಕ್ಕೇನಾದ್ರೂ ಮಾಡಿ.' ಹೋದ ಸೆಮ್ ಪೂರ್ತಿ ನಾವು ಕಟ್ಟಿದ್ದು ಅವರಿಗೆ ಬೇಡದ್ದನ್ನ. ಶುಕ್ರವಾರ ರಿನ್ಯೂ ಬಟನ್ ತೋರಿಸ್ತಿದ್ದೀವಿ. ಅವರು ಏನಂದ್ರು ಅಂತ ಭಾಗ 3ರಲ್ಲಿ ಹೇಳ್ತೀನಿ.