ಮೂವರು ಮಕ್ಕಳ ಮೌನ

ರಾಜ್ಯಾಂಗದಲ್ಲಿ ಬರೆದಿಟ್ಟ ಹಕ್ಕು ತನ್ನಷ್ಟಕ್ಕೆ ತಾನೇ ಯಾರನ್ನೂ ಕಾಯಲಾರದು. ಅದನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲೇರುವವರು ಬೇಕು. ಏರುವ ಶಕ್ತಿಯಿಲ್ಲದವರಿಗೆ ಕೈನೀಡುವ ವಕೀಲರೂ ಬೇಕು. ಅಧ್ಯಾಪಕರೂ ವಿದ್ಯಾರ್ಥಿಗಳೂ ಆದ ನಮ್ಮ ವಾಚಕರು ಅರಿತಿರಬೇಕಾದ ಇಂತಹ ಒಂದು ನಿದರ್ಶನ ನಾವು ನೆಲಸಿರುವ ಕೇರಳ ರಾಜ್ಯದಲ್ಲಿಯೇ ನಡೆದಿದೆ.

ಕೋಟ್ಟಯಂ ಜಿಲ್ಲೆಯ ಕಿಡಂಗೂರಿನ ಪ್ರೌಢಶಾಲೆಯೊಂದರಲ್ಲಿ ಒಂದೇ ಮನೆಯ ಮೂವರು ಮಕ್ಕಳು ಹತ್ತು, ಒಂಬತ್ತು ಮತ್ತು ಐದನೆಯ ತರಗತಿಗಳಲ್ಲಿ ಓದುತ್ತಿದ್ದರು. ಅವರು 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಥದವರು. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಆರಂಭವಾದಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಹಾಡುವುದು ತಮ್ಮ ಮತದ ನಂಬಿಕೆಗೆ ವಿರುದ್ಧವೆಂದು ಅವರು ಭಾವಿಸಿದ್ದರು. ಅನೇಕ ವರ್ಷ ಇದು ಯಾರಿಗೂ ತೊಡಕಾಗಿ ತೋರಲಿಲ್ಲ.

1985ರ ಜುಲೈಯಲ್ಲಿ ಶಾಸಕರೊಬ್ಬರು ಇದನ್ನು ಗಮನಿಸಿ ವಿಧಾನಸಭೆಯಲ್ಲಿ ಪ್ರಶ್ನೆಯೆತ್ತಿದರು. ಸರಕಾರವು ವಿಚಾರಣೆಗೆ ನೇಮಿಸಿದ ಆಯೋಗವು, ಮಕ್ಕಳು ಕಾನೂನಿಗೆ ವಿಧೇಯರು, ರಾಷ್ಟ್ರಗೀತೆಗೆ ಅಗೌರವ ತೋರಿದವರಲ್ಲ ಎಂದು ವರದಿ ಕೊಟ್ಟಿತು. ಆದರೂ ಮೇಲಧಿಕಾರಿಗಳ ಸೂಚನೆಯಂತೆ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು. ಉಚ್ಚ ನ್ಯಾಯಾಲಯದಲ್ಲಿ ಮೊದಲು ಏಕಸದಸ್ಯ ಪೀಠವೂ ಬಳಿಕ ವಿಭಾಗೀಯ ಪೀಠವೂ ಅವರ ಅರ್ಜಿಯನ್ನು ತಳ್ಳಿಹಾಕಿದುವು.

ಇದೇ ಬಗೆಯ ಪ್ರಶ್ನೆ ಹಿಂದೆ ಅಮೇರಿಕದ ಶಾಲೆಗಳಲ್ಲಿಯೂ ಎದ್ದಿತ್ತು. ಅಲ್ಲಿ ಇದೇ ಪಂಥದ ಮಕ್ಕಳು ಧ್ವಜವಂದನೆ ಮಾಡಲೊಪ್ಪದೆ ಶಾಲೆ ಕಳೆದುಕೊಂಡಿದ್ದರು. 1940ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಒಬ್ಬರ ಎದುರು ಎಂಟು ಮತಗಳಿಂದ ಅವರಿಗೆ ಪ್ರತಿಕೂಲವಾಗಿ ತೀರ್ಪಿತ್ತಿತು. ಆ ಬಳಿಕ ಹಲವೆಡೆ ಪಂಥದವರ ಮೇಲೆ ಹಲ್ಲೆಗಳಾದುವು. ಪಂಥದ ವಕೀಲರು ಮಾತ್ರ ಹೋರಾಟ ಬಿಡಲಿಲ್ಲ. ಆ ಮತದ ನಂಟಿಲ್ಲದ ನಾಗರಿಕ ಸ್ವಾತಂತ್ರ್ಯ ಸಂಘವೂ ನ್ಯಾಯಾಲಯಕ್ಕೆ ತನ್ನ ಲಿಖಿತ ವಾದವನ್ನು ಒಪ್ಪಿಸಿ ಬೆಂಬಲವಾಗಿ ನಿಂತಿತು. 1943ರಲ್ಲಿ, ಮಹಾಯುದ್ಧದ ನಡುವೆಯೇ, ಅದೇ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ರದ್ದುಗೊಳಿಸಿತು.

ಕಿಡಂಗೂರಿನ ಮಕ್ಕಳ ಪರವಾಗಿ ದಿಲ್ಲಿಯಲ್ಲಿ ವಾದಿಸಿದವರು ಫಾಲಿ ನಾರಿಮನ್. ಅವರು ಪಾರ್ಸಿ ಮತದವರು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿಗಳಾದ ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ತ್ ತೀರ್ಪಿತ್ತರು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನಿಲ್ಲ. ಎದ್ದು ನಿಂತವನು ಹಾಡದಿದ್ದ ಮಾತ್ರಕ್ಕೆ ಅಗೌರವವಾಗದು. ಇಲಾಖೆಯ ಸುತ್ತೋಲೆ ಮೂಲಭೂತ ಹಕ್ಕನ್ನು ಕಸಿಯಲಾರದು ಎಂದು ಅವರು ವಿವರಿಸಿದರು. ನಂಬಿಕೆಯು ನ್ಯಾಯಾಧೀಶರಿಗೆ ಸರಿಯೆನಿಸುವುದೇ ಎಂಬುದು ಮುಖ್ಯವಲ್ಲ, ಅದು ಪ್ರಾಮಾಣಿಕವಾದುದೇ ಎಂಬುದೇ ಮುಖ್ಯವೆಂದರು. ವಾಕ್‌ಸ್ವಾತಂತ್ರ್ಯದ 19ನೆಯ ವಿಧಿಗೂ ಧರ್ಮಸ್ವಾತಂತ್ರ್ಯದ 25ನೆಯ ವಿಧಿಗೂ ಭಂಗ ಬಂದಿದೆಯೆಂದು ತಿಳಿಸಿ, ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಲು ಆಜ್ಞಾಪಿಸಿದರು. 25ನೆಯ ವಿಧಿಗೆ ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳ ಕಟ್ಟು ಉಂಟು; ಮೂವರು ಮಕ್ಕಳ ಮೌನ ಆ ಯಾವ ಕಟ್ಟನ್ನೂ ಮೀರಿರಲಿಲ್ಲ.

ಹಳ್ಳಿಯ ಮನೆಯವರೆಲ್ಲರೂ ದಿಲ್ಲಿಯವರೆಗೆ ಹೋಗಬಲ್ಲರೆ? ಈ ಪ್ರಶ್ನೆಗೆ ಉತ್ತರವಾಗಿ 1976ರಲ್ಲಿ ರಾಜ್ಯಾಂಗಕ್ಕೆ 39 ಎ ವಿಧಿ ಸೇರಿತು. ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದೆಂಬುದು ಅದರ ಆಶಯ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ತಾಲೂಕಿನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಉಚಿತ ನೆರವಿನ ಏರ್ಪಾಡು ಅದರಲ್ಲಿದೆ. ಸ್ತ್ರೀಯರೂ ಮಕ್ಕಳೂ ಅದಕ್ಕೆ ಅರ್ಹರು. ಅವರ ಮಟ್ಟಿಗೆ ವರಮಾನದ ಮಿತಿಯಿಲ್ಲ.

ತಮ್ಮ ಮತಕ್ಕಾಗಿ ವಾದಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಪರರ ಮತಕ್ಕಾಗಿಯೂ ನ್ಯಾಯಪೀಠದ ಮುಂದೆ ನಿಲ್ಲುವವರಿದ್ದಾಗಲೇ ಬಹುಮತಗಳ ನಾಡು ಉಳಿದೀತು. ಹಲವು ಮತಗಳ ಮಕ್ಕಳು ಒಂದೇ ಸಾಲಿನಲ್ಲಿ ನಿಲ್ಲುವ ಶಾಲೆಗಳ ಅಧ್ಯಾಪಕರು, ಆ ಸಾಲಿನಲ್ಲಿ ಒಂದು ಮಗು ಮೌನವಾಗಿದ್ದರೆ, ದಂಡನೆಗೆ ಮುನ್ನ ಅದರ ಕಾರಣವನ್ನು ಕೇಳಲಿ. ನೆರವಿನ ಬಾಗಿಲು ಎಲ್ಲಿದೆಯೆಂಬುದನ್ನು ಅದರ ತಾಯಿತಂದೆಗಳಿಗೆ ತಿಳಿಸಲಿ.