ಹಳೆಯ ಕೋಲಿನ ಹದ

2003ರಲ್ಲಿ ವಿಮಾನ ಪ್ರಯಾಣವೊಂದರ ನಡುವೆ ಒಂದು ಮರದ ಕೋಲು ಮುರಿಯಿತು. ಕೊಂಡಾಗ ಅದರ ಬೆಲೆ ಸುಮಾರು 40 ಪೌಂಡ್. ಅದರ ಒಡೆಯ ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ. ಹುಡುಗನಾಗಿದ್ದಾಗ ಕೈಗೆ ಬಂದ ಆ ಕ್ಯೂ ಹಿಡಿದೇ ಅವರು 1990ರಿಂದ 1999ರವರೆಗೆ ಏಳು ಬಾರಿ ವಿಶ್ವ ಸ್ನೂಕರ್ ಚಾಂಪಿಯನ್ ಆಗಿದ್ದರು. ಬೇಕೆಂದಿದ್ದರೆ ಲೋಕದ ಅತಿ ದುಬಾರಿ ಕ್ಯೂ ಅವರ ಕೈಗೆ ಬರುತ್ತಿತ್ತು. ಆದರೂ ಹಳೆಯದನ್ನು ಬಿಟ್ಟಿರಲಿಲ್ಲ.

ಇದು ಹೆಂಡ್ರಿಯೊಬ್ಬರ ಹಟವಲ್ಲ. 1927ರಿಂದ 1946ರವರೆಗೆ ನಡೆದ ಮೊದಲ ಹದಿನೈದು ವಿಶ್ವ ಚಾಂಪಿಯನ್‌ಷಿಪ್‌ಗಳನ್ನೂ ಗೆದ್ದ ಇಂಗ್ಲೆಂಡಿನ ಜೋ ಡೇವಿಸ್, ಏಳೂವರೆ ಶಿಲಿಂಗ್ ಕೊಟ್ಟು ಕೊಂಡ ಒಂದೇ ಕ್ಯೂವಿನಲ್ಲಿ ತಮ್ಮ ಆಟದ ಬಹುಕಾಲ ಕಳೆದರು. ಕೋಲು ಹಳತಾದಷ್ಟೂ ಹದವಾಗುತ್ತದೆ ಎಂಬ ನಂಬಿಕೆ ಸ್ನೂಕರ್ ಕೋಣೆಗಳಲ್ಲಿ ಬೇರೂರಿದೆ. ಹದಗೊಳ್ಳುವುದು ಮರವೋ, ಅದನ್ನು ಹಿಡಿದ ಕೈಯೋ?

ಮೊದಮೊದಲು ಬಿಲಿಯರ್ಡ್ಸ್‌ಗೆ ಈಗಿನ ಕೋಲೇ ಇರಲಿಲ್ಲ. ತುದಿಯಲ್ಲಿ ಚಪ್ಪಟೆ ತಲೆಯಿದ್ದ ‘ಮೇಸ್’ ಎಂಬ ಸಾಧನದಿಂದ ಚೆಂಡನ್ನು ತಳ್ಳುತ್ತಿದ್ದರು. ಚೆಂಡು ಮೇಜಿನ ಅಂಚಿಗೆ ಅಂಟಿಕೊಂಡರೆ ಆ ದಪ್ಪ ತಲೆ ಅಲ್ಲಿಗೆ ಹೋಗದು. ಆಗ ಮೇಸ್ ಅನ್ನು ಹಿಂದುಮುಂದಾಗಿ ಹಿಡಿದು ಅದರ ಬಾಲದಿಂದ ಹೊಡೆಯುತ್ತಿದ್ದರು. ಫ್ರೆಂಚ್ ಭಾಷೆಯಲ್ಲಿ ಬಾಲಕ್ಕೆ ‘ಕ್ಯೂ’ ಎನ್ನುತ್ತಾರೆ. ಬಾಲವೇ ಕೊನೆಗೆ ತಲೆಯನ್ನು ಮೂಲೆಗೆ ತಳ್ಳಿತು! ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬಾತ ಕ್ಯೂವಿನ ತುದಿಗೆ ತೊಗಲಿನ ಟಿಪ್ ಅಂಟಿಸುವುದನ್ನು ಬಳಕೆಗೆ ತಂದ. ಅದಕ್ಕೆ ಚಾಕ್ ಉಜ್ಜಿದರೆ ಚೆಂಡಿನ ಪಕ್ಕಕ್ಕೆ ಹೊಡೆದರೂ ಟಿಪ್ ಜಾರುತ್ತಿರಲಿಲ್ಲ. ಚೆಂಡನ್ನು ಬೇಕಾದಂತೆ ತಿರುಗಿಸುವ ವಿದ್ಯೆ ಹುಟ್ಟಿದ್ದು ಹಾಗೆ.

ಸ್ನೂಕರ್ ಬಂದದ್ದು ಆಮೇಲೆ, ಅದೂ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್‌ಪುರದ ಸೇನಾ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಬಿಲಿಯರ್ಡ್ಸ್ ಮೇಜಿಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟ ಕಟ್ಟಿದ. ಅದರ ನಿಯಮಗಳು ಗೋಡೆಗೇರಿದ್ದು ಬಂಡೀಪುರದ ಕಾಡು ದಾಟಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ.

ಸ್ನೂಕರ್ ಕ್ಯೂವಿನ ಮುಂಭಾಗ ಸಾಮಾನ್ಯವಾಗಿ ಆಶ್ ಅಥವಾ ಮೇಪಲ್ ಮರದ್ದು. ಹಿಂಭಾಗಕ್ಕೆ ನೀರಿನಲ್ಲಿ ಮುಳುಗುವಷ್ಟು ಭಾರದ ಎಬೊನಿಯನ್ನು ಬೆಸೆಯುತ್ತಾರೆ. ಆಶ್ ಎಂದರೆ ಇಂಗ್ಲೆಂಡಿನವರು ಕೊಡಲಿ, ಗುದ್ದಲಿಗಳಿಗೆ ಕಾವು ಮಾಡುತ್ತಿದ್ದ ಮರ. ಏಟಿನ ಅದುರನ್ನು ತಾಳಿಕೊಳ್ಳುತ್ತದೆ. ಮೇಪಲ್ ಬಿಗಿ, ಆಶ್ ಮೆದು ಎಂಬ ಮಾತು ಆಟಗಾರರಲ್ಲಿದೆ. ಅಳೆದು ನೋಡಿದರೆ ಎರಡರ ಬಿಗಿತವೂ ಹೆಚ್ಚುಕಡಿಮೆ ಒಂದೇ. ಒಂದೇ ಜಾತಿಯ ಎರಡು ಮರಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಹೆಚ್ಚಿರಬಹುದು.

ಮರಕ್ಕಿಂತ ದಪ್ಪದ್ದೇ ದೊಡ್ಡ ಪಾತ್ರ. ದುಂಡು ಕೋಲಿನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಟಿಪ್ ಬಳಿ 9 ಮಿಲಿಮೀಟರ್ ಇರುವ ಕ್ಯೂವಿಗಿಂತ 10 ಮಿಲಿಮೀಟರಿನದು ಅಲ್ಲಿ ಸುಮಾರು ಒಂದೂವರೆ ಪಟ್ಟು ಬಿಗಿ. ಒಂದು ಮಿಲಿಮೀಟರ್ ಎಂದರೆ ಕೆಲವು ದಿನ ಮರಳು ಕಾಗದ ಉಜ್ಜಿದರೆ ಹೋಗುವಷ್ಟು. ಬಿಗಿ ಕ್ಯೂ ಕಡಿಮೆ ಅದುರುತ್ತದೆ, ಏಟು ಕೈಗೆ ಚುಟುಕಾಗಿ ಮುಟ್ಟುತ್ತದೆ. ಮೆದು ಕ್ಯೂವಿನಲ್ಲಿ ಅದುರು ಹೆಚ್ಚು ಹೊತ್ತು ಉಳಿಯುತ್ತದೆ. ಆದರೆ ಪಕ್ಕಕ್ಕೆ ಹೊಡೆದಾಗ ಬಿಳಿ ಚೆಂಡು ಗುರಿಯ ಗೆರೆಯಿಂದ ಎಷ್ಟು ಸರಿಯುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಯೂವಿನ ಮುಂತುದಿಯ ತೂಕ. ತುದಿ ಹಗುರವಾದಷ್ಟೂ ಚೆಂಡು ಸರಿಯುವುದು ಕಡಿಮೆ. ತೆಳುವಾದ ತುದಿ ಹಗುರವೂ ಹೌದು, ಮೆದುವೂ ಹೌದು. ಆದ್ದರಿಂದ ತೂಕ ಮಾಡಿದ ಕೆಲಸದ ಹೆಸರು ಎಷ್ಟೋ ಸಲ ಬಿಗಿತಕ್ಕೆ ಸಲ್ಲುತ್ತದೆ.

ವಯಸ್ಸಿನ ವಿಷಯಕ್ಕೆ ಬಂದರೆ, ಮರ ಹದಗೊಳ್ಳುವುದು ನಿಜ. ಆದರೆ ಅದರ ಬಹುಪಾಲು ಕ್ಯೂ ಆಗುವ ಮೊದಲೇ ಮುಗಿದಿರುತ್ತದೆ. ಒಳ್ಳೆಯ ಕುಶಲಕರ್ಮಿಗಳು ಮರವನ್ನು ವರ್ಷಗಟ್ಟಲೆ ಒಣಗಿಸಿ, ಹಂತಹಂತವಾಗಿ ಕೆತ್ತುತ್ತಾರೆ. ತೇವ ಕಡಿಮೆಯಾದಂತೆ ಮರ ಬಿಗಿಯಾಗುತ್ತದೆ, ಏರಿದರೆ ಮೆತ್ತಗಾಗುತ್ತದೆ. ಹಾಗಾಗಿ ಮಳೆಗಾಲದ ಕ್ಯೂವೂ ಬೇಸಿಗೆಯ ಕ್ಯೂವೂ ಪೂರ್ತಿ ಒಂದೇ ಅಲ್ಲ. ಒಣಗಿದ ಮರ ಸುತ್ತಲ ಹವೆಗೆ ಒಗ್ಗಿದ ಮೇಲೆ ಬರಿಯ ವರ್ಷಗಳು ಅದರ ಬಿಗಿತವನ್ನು ಹೆಚ್ಚೇನೂ ಬದಲಿಸವು. ಬದಲಿಸುವುದು ಬಳಕೆ. ಉಜ್ಜಿ ಉಜ್ಜಿ ಸವೆದ ತುದಿ ತೆಳುವಾಗುತ್ತದೆ. ಟಿಪ್ ಹೊಸದು ಹಾಕುವಾಗಲೋ, ತುದಿಯ ಹಿತ್ತಾಳೆ ಬಳೆ ಬದಲಿಸುವಾಗಲೋ ಮರ ಸ್ವಲ್ಪ ಕತ್ತರಿಸಿಹೋದರೆ ಕೋಲು ಗಿಡ್ಡವಾಗುತ್ತದೆ; ಗಿಡ್ಡ ಕೋಲು ಬಿಗಿ. ಒಂದು ಮೆದುವಾಗಿಸಿದರೆ ಇನ್ನೊಂದು ಬಿಗಿಯಾಗಿಸುತ್ತದೆ. ಇಪ್ಪತ್ತು ವರ್ಷದ ಹಿಂದೆ ಕೊಂಡ ಕ್ಯೂ ಈಗ ಕೈಯಲ್ಲಿರುವ ಕ್ಯೂ ಅಲ್ಲ ಎಂದರೂ ನಡೆಯುತ್ತದೆ. ಬದಲಾವಣೆ ನಿಧಾನವಾದ್ದರಿಂದ ಆಟಗಾರನಿಗೆ ಗೊತ್ತಾಗುವುದಿಲ್ಲ, ಅಷ್ಟೆ.

ಇನ್ನು ‘ಫೀಲ್’ ಎಂದು ಆಟಗಾರರು ಕರೆಯುವ ಆ ಅನುಭವ. ತೊಗಲಿನ ಟಿಪ್ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಕೈಯ ಸ್ಪರ್ಶ ಮೆದುಳು ತಲುಪಲು ಸೆಕೆಂಡಿನ ಸಾವಿರದ ಇಪ್ಪತ್ತು ಭಾಗದಷ್ಟಾದರೂ ಬೇಕು. ಏಟು ಹೇಗಿತ್ತೆಂದು ತಿಳಿಯುವ ಹೊತ್ತಿಗೆ ಚೆಂಡು ಆಗಲೇ ಹೊರಟುಹೋಗಿರುತ್ತದೆ. ಆ ಅದುರು ಆ ಹೊಡೆತಕ್ಕೆ ಯಾವ ಸಹಾಯವನ್ನೂ ಮಾಡದು. ಮುಂದಿನ ಹೊಡೆತಕ್ಕೆ ಪಾಠವಾಗುತ್ತದೆ. ಇಷ್ಟು ಅದುರಿದರೆ ಚೆಂಡು ಇಷ್ಟು ದೂರ ಹೋಗುತ್ತದೆ, ಇಷ್ಟು ಪಕ್ಕಕ್ಕೆ ಹೊಡೆದರೆ ಇಷ್ಟು ಸರಿಯುತ್ತದೆ ಎಂಬ ಲೆಕ್ಕವನ್ನು ಕೈ ವರ್ಷಗಟ್ಟಲೆ ಕೂಡಿಟ್ಟುಕೊಂಡಿರುತ್ತದೆ. ಹೊಸ ಕ್ಯೂ ಎಷ್ಟೇ ಚೆನ್ನಾಗಿರಲಿ, ಆ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಹನ್ನೆರಡು ಅಡಿ ಉದ್ದದ ಮೇಜಿನಲ್ಲಿ ಕೂದಲೆಳೆಯ ತಪ್ಪೂ ಕಿಸೆಯ ಬಾಯಿಗೆ ಬರುವಾಗ ದೊಡ್ಡದಾಗಿರುತ್ತದೆ.

ಮುರಿದ ಕೋಲಿನ ಜಾಗಕ್ಕೆ ಹೆಂಡ್ರಿ ಹೊಸದನ್ನು ತಂದರು. ಅದೇ 2003ರ ಬ್ರಿಟಿಷ್ ಓಪನ್ ಫೈನಲ್‌ನಲ್ಲಿ ರೋನಿ ಓಸಲಿವನ್ ಅವರನ್ನು 9–6ರಿಂದ ಸೋಲಿಸಿದರು. ಆಗ ಅವರಿಗೆ 34 ವರ್ಷ. ಎಂಟನೆಯ ವಿಶ್ವ ಪ್ರಶಸ್ತಿ ಮಾತ್ರ ಬರಲಿಲ್ಲ. ಅದಕ್ಕೆ ಕ್ಯೂವನ್ನು ದೂರುವವರಿದ್ದಾರೆ. ಆದರೆ 2002ರ ವಿಶ್ವ ಫೈನಲ್‌ನಲ್ಲಿ ಪೀಟರ್ ಎಬ್ಡನ್ ಎದುರು 17–18ರಿಂದ ಸೋತಾಗ ಅವರ ಕೈಯಲ್ಲಿದ್ದದ್ದು ಹಳೆಯ ಕ್ಯೂವೇ.