‘ಸ್ಟೇಷನ್’ ಶಬ್ದದ ಬಾಂಧವ್ಯ

ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವ ‘ಸ್ಟೇಷನ್’ ಎಂಬ ಆಂಗ್ಲ ಶಬ್ದವನ್ನು ಕೇವಲ ಪರಕೀಯವೆಂದೆಣಿಸುವವರು ಅನೇಕರು. ಧಾತುಪಾಠವನ್ನು ಕಲಿತವರಿಗೆ ಅದು ದಾಯಾದಿಯಂತೆ ತೋರುವುದು. ನಿಲ್ಲುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಹುಟ್ಟಿತು; ಆ ಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಏಕಮೂಲದವು. ಪೊಲೀಸರ ಸ್ಟೇಷನ್ನಿಗೆ ನಾವನ್ನುವ ‘ಠಾಣೆ’ಯು ‘ಸ್ಥಾನ’ದಿಂದ ಬಂದುದು. ರೈಲು ನಿಲ್ಲುವ ಸ್ಟೇಷನ್ನು ‘ನಿಲ್ದಾಣ’. ಅದರಲ್ಲಿ ‘ನಿಲ್’ ಅಚ್ಚಗನ್ನಡ, ‘ತಾಣ’ವು ‘ಸ್ಥಾನ’ದ ತದ್ಭವ.

ಸೇನೆಯೂ ಅಧಿಕಾರಿಗಳೂ ನೆಲೆಸಿದ ಊರೆಂಬುದು ಇನ್ನೊಂದು ಅರ್ಥ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ಸೇನೆಯು ನೆಲೆಯೂರಲು, ಜನರು ಆ ಪ್ರದೇಶವನ್ನು ‘ದಂಡು’ ಎಂದರು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗ, ಬ್ರಿಟಿಷರು ದಂಡನ್ನು ಮಾತ್ರ ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು; ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬುದು ಅದರ ಹೆಸರಾಯಿತು. ಪೇಟೆಯವರೂ ಹಲಸೂರಿನವರೂ ನೆರೆಹೊರೆಯವರಾಗಿದ್ದರೂ ಅವರಿಗೆ ಎರಡು ಸರಕಾರ, ಎರಡು ಪುರಸಭೆ.

1947ರಲ್ಲಿ ಆ ಪ್ರದೇಶವು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ‘ಸಂಸ್ಥಾನ’ದಲ್ಲಿಯೂ ಅದೇ ‘ಸ್ಥಾ’ ಧಾತುವಿರುವುದನ್ನು ವಾಚಕರು ಗಮನಿಸಬೇಕು. ಆಳುವವರಿಟ್ಟ ಹೆಸರು ಕಡತ ಸೇರಿತು. ಜನರಿಟ್ಟ ಹೆಸರಾದರೋ, 1864ರಲ್ಲಿ ಮದರಾಸಿನ ಕಡೆಯ ರೈಲು ಬಂದು ನಿಂತ ‘ಬೆಂಗಳೂರು ದಂಡು’ ನಿಲ್ದಾಣದಲ್ಲಿ ಇಂದಿಗೂ ಉಳಿದಿದೆ.

ಆದುದರಿಂದ ಪರಭಾಷೆಯದೆಂಬ ಮಾತ್ರಕ್ಕೆ ಶಬ್ದವೊಂದನ್ನು ಹಗೆಯೆಂದು ಬಗೆಯಬೇಕಾದುದಿಲ್ಲ. ಅದು ಯಾರ ಬಾಯಲ್ಲಿ ಯಾವ ಕೆಲಸ ಮಾಡಿತೆಂಬುದೇ ವಿಚಾರಾರ್ಹವು.